ಪಂಪು ಬಿಚ್ಚುವ ಮುಂಚೆ ಬ್ಯಾಟರಿ ತಂತಿ ಮುಟ್ಟಿ ನೋಡಿ

ಹೋದ ವರ್ಷ ಪುನರ್ವಸು ಮಳೆ ಚೆನ್ನಾಗಿ ಬಂತು. ಎರಡು ರಾತ್ರಿ ಹದವಾಗಿ ಸುರಿದು ಮೂರನೇ ದಿನ ಬಿಸಿಲು ಬಿಟ್ಟಿತು. ರಾಗಿ ಬಿತ್ತೋದಕ್ಕೆ ಅದಕ್ಕಿಂತ ಒಳ್ಳೆಯ ಹದ ಇನ್ನೊಂದಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದು ಟ್ರಾಕ್ಟರ್ ಹತ್ತಿ ಕೀಲಿ ತಿರುಗಿಸಿದೆ. ಸ್ಟಾರ್ಟ್ ಆಗಲಿಲ್ಲ.

ಅವತ್ತಿನಿಂದ ಹನ್ನೊಂದು ದಿನ ಗಾಡಿ ಶೆಡ್ಡಿನಲ್ಲೇ ನಿಂತಿತ್ತು. ಪಂಪು, ನಾಝಲ್‌ಗೆ 9,800 ರೂಪಾಯಿ, ಸೆಲ್ಫ್ ಮೋಟರಿಗೆ 3,600, ಮೆಕ್ಯಾನಿಕ್ ಬಂದು ಹೋದ ಖರ್ಚು 1,200. ಒಟ್ಟು 14,600 ರೂಪಾಯಿ. ಕೊನೆಗೆ ಗಾಡಿಯನ್ನು ಎಬ್ಬಿಸಿದ್ದು 380 ರೂಪಾಯಿಯ ಒಂದು ಅರ್ತ್ ಕೇಬಲ್ಲು. ಬಾಡಿಗೆ ಟ್ರಾಕ್ಟರ್ ಸಿಕ್ಕಿದ್ದು ಒಂಬತ್ತನೇ ದಿನ. ಅಷ್ಟರಲ್ಲಿ ಮೇಲ್ಮಣ್ಣು ಒಣಗಿ ಹೋಗಿತ್ತು, ಪೈರು ಅಲ್ಲಲ್ಲಿ ಬಿಟ್ಟುಬಿಟ್ಟು ಹುಟ್ಟಿತು. ಎರಡೂವರೆ ಎಕರೆಗೆ ಹಿಂದಿನ ವರ್ಷ 25 ಕ್ವಿಂಟಾಲ್ ರಾಗಿ ಕಂಡಿದ್ದವನು ಹೋದ ವರ್ಷ 17ಕ್ಕೆ ತೃಪ್ತಿಪಟ್ಟೆ.

ಇದನ್ನು ಬರೆಯುತ್ತಿರುವುದು ಮೆಕ್ಯಾನಿಕ್ಕನ್ನು ಬೈಯೋದಕ್ಕಲ್ಲ. ತಪ್ಪಿನಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನದೇ. ಹಳೇ ಗಾಡಿ ಇಟ್ಟುಕೊಂಡಿರೋ ನಮ್ಮಂಥವರು ಸ್ಟಾರ್ಟ್ ಆಗದ ಗಾಡಿಯ ಮುಂದೆ ಮೊದಲ ಅರ್ಧ ಗಂಟೆ ನಾವೇ ನಿಂತು ನೋಡಬೇಕು, ಅಳೆದು ನೋಡದೆ ಒಂದು ನಟ್ಟನ್ನೂ ಬಿಚ್ಚಲು ಬಿಡಬಾರದು ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೇನೆ.

ಮೊದಲು ನನ್ನ ವಿಷಯ. ನನ್ನ ಮನೆ ಇರೋದು ಸಿಂಗಾಪುರದಲ್ಲಿ. ವಿಮಾನ ಹತ್ತಿ ಹೋಗೋ ಸಿಂಗಾಪುರ ಅಲ್ಲ, ಬೆಂಗಳೂರು ಉತ್ತರದಲ್ಲಿ ವಿದ್ಯಾರಣ್ಯಪುರದ ಪಕ್ಕದ್ದು. ನಮ್ಮ ತಂದೆಯ ಕಾಲದಲ್ಲಿ ಮನೆ ಹಿಂದೆಯೇ ರಾಗಿ, ಅವರೆ, ತರಕಾರಿ. ಈಗ ಅಲ್ಲಿ ನಾಲ್ಕಂತಸ್ತಿನ ಮನೆಗಳು. ನಾನು ಉಳಿಸಿಕೊಂಡಿರುವ ಎರಡೂವರೆ ಎಕರೆ ರಾಜಾನುಕುಂಟೆ ಕಡೆ ಇದೆ. ಟ್ರಾಕ್ಟರು ಎಚ್‌ಎಂಟಿ, 25 ಎಚ್‌ಪಿ, ಎರಡು ಸಿಲಿಂಡರಿನದು. ನನಗಿಂತ ಮುಂಚೆ ಇಬ್ಬರ ಕೈ ದಾಟಿ ಬಂದದ್ದು. ನಮ್ಮ ಕಡೆಯವರಿಗೆ ಎಚ್‌ಎಂಟಿ ಅಂದರೆ ಜಾಲಹಳ್ಳಿ, ಮನೆಯ ಪಕ್ಕದ ಫ್ಯಾಕ್ಟರಿ. 1953ರಲ್ಲಿ ಅಲ್ಲಿ ಶುರುವಾಗಿದ್ದು ಯಂತ್ರ ಮಾಡುವ ಯಂತ್ರಗಳ ಕೆಲಸ. ಟ್ರಾಕ್ಟರ್ ಮಾಡಿದ್ದು ಮಾತ್ರ ಹರಿಯಾಣದ ಪಿಂಜೋರಿನಲ್ಲಿ, 1971ರಿಂದ, ಝೆಕೊಸ್ಲೊವಾಕಿಯಾದ ಝೆಟರ್ ಮಾದರಿಯ ಮೇಲೆ. 2016ರಲ್ಲಿ ಕೇಂದ್ರ ಸರ್ಕಾರ ಆ ವಿಭಾಗವನ್ನೇ ಮುಚ್ಚಲು ತೀರ್ಮಾನಿಸಿತು. ಹಾಗಾಗಿ ನನ್ನ ಗಾಡಿಗೆ ಈಗ ಹೇಳೋರು ಕೇಳೋರು ಇಲ್ಲ. ಸಾಮಾನು ಬೇಕಾದರೆ ಜೆ.ಸಿ. ರಸ್ತೆಯಲ್ಲೋ ಗುಜರಿಯಲ್ಲೋ ಹುಡುಕಬೇಕು. ಆದರೂ ಮಾರುವ ಯೋಚನೆ ಬಂದಿಲ್ಲ. ಎರಡೂವರೆ ಎಕರೆಗೆ ಏಳೆಂಟು ಲಕ್ಷದ ಹೊಸ ಟ್ರಾಕ್ಟರ್ ತಂದರೆ ಸಾಲಕ್ಕೆ ದುಡಿಯಬೇಕೇ ಹೊರತು ಹೊಲಕ್ಕಲ್ಲ.

ನಾನು ಮಾಡಿದ ತಪ್ಪು

ನಮ್ಮ ಮನೆಯ ಮುಂದೆ ಕೆರೆ ಕಡೆಗೆ ಒಂದು ಇಳಿಜಾರಿತ್ತು. ಅದಕ್ಕೆ ಹಿಂದಿನ ಒಂದು ವರ್ಷದಿಂದ ನಾನು ಸಂಜೆ ಬಂದವನು ಗಾಡಿಯನ್ನು ಆ ಇಳಿಜಾರಿನ ಮೇಲೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡುತ್ತಿದ್ದೆ. ಬೆಳಿಗ್ಗೆ ಕಲ್ಲು ತೆಗೆದು, ಗೇರ್ ಹಾಕಿ, ಕ್ಲಚ್ ಬಿಟ್ಟರೆ ಆಯ್ತು. ಸೆಲ್ಫ್ ಸ್ವಲ್ಪ ‘ಸುಸ್ತು’ ಅಂತ ಗೊತ್ತಿತ್ತು. ಇಳಿಜಾರು ಇದೆಯಲ್ಲ ಅಂತ ಸುಮ್ಮನಿದ್ದೆ. ಹಳ್ಳಿಗಳಲ್ಲಿ ಎಷ್ಟೋ ಜನ ಹೀಗೇ ಮಾಡ್ತಾರೆ. ಕಾಯಿಲೆ ಒಳಗೇ ಬೆಳೀತಾ ಇರ್ತದೆ, ಇಳಿಜಾರು ಅದನ್ನು ಮುಚ್ಚಿಡ್ತದೆ.

ಆಮೇಲೆ ಆ ಜಾಗಕ್ಕೆ ಕಾಂಕ್ರೀಟ್ ರಸ್ತೆ ಬಂತು, ರಸ್ತೆಯ ಎರಡೂ ಬದಿ ಕಾರು ನಿಲ್ಲತೊಡಗಿದವು. ನಾನು ಗಾಡಿಯನ್ನು ಹೊಲದ ಶೆಡ್ಡಿಗೆ ಸಾಗಿಸಿದೆ. ಅಲ್ಲಿ ನೆಲ ಸಮತಟ್ಟು. ಬೇಸಿಗೆಯಲ್ಲಿ ಹೇಗೋ ಎರಡು ಮೂರು ಸಲ ಎತ್ತಿಕೊಂಡಿತು. ಮಳೆಯ ತಂಡಿ ಬಿದ್ದ ಮೇಲೆ ಕೈಕೊಟ್ಟಿತು.

ಎರಡನೇ ತಪ್ಪು ಇದಕ್ಕಿಂತ ದೊಡ್ಡದು. ಮೆಕ್ಯಾನಿಕ್ಕಿಗೆ ಫೋನ್ ಮಾಡಿದವನು ‘ಪಂಪು ಹೋಗಿರಬೇಕು ಕಣಪ್ಪ’ ಅಂದೆ. ಹಿಂದೊಮ್ಮೆ ಪಂಪು ಹೋಗಿದ್ದು ತಲೆಯಲ್ಲಿತ್ತು. ಡಾಕ್ಟರ ಹತ್ತಿರ ಹೋಗಿ ‘ಹೊಟ್ಟೆನೋವು’ ಅನ್ನೋ ಬದಲು ‘ನನಗೆ ಅಪೆಂಡಿಕ್ಸು’ ಅಂದ ಹಾಗಾಯ್ತು. ಆ ಹುಡುಗ ಬಂದ. ಸೆಲ್ಫ್ ಹೊಡೆದ. ಇಂಜಿನ್ ನಿಧಾನಕ್ಕೆ ಎರಡು ಮೂರು ಸುತ್ತು ತಿರುಗಿತು, ಸೈಲೆನ್ಸರಿನಿಂದ ಬಿಳಿ ಹೊಗೆ ಬಂತು, ಹತ್ತಿಕೊಳ್ಳಲಿಲ್ಲ. ‘ನೀವು ಹೇಳಿದ್ದೇ ಸರಿ ಅಣ್ಣ, ನಾಝಲ್ ಚೆಲ್ತಾ ಐತೆ, ಪಂಪೂ ನೋಡಿಸ್ಬೇಕು’ ಅಂದ. ಬಿಚ್ಚಿಕೊಂಡು ಹೋದ. ನಾಲ್ಕು ದಿನ ಅಂಗಡಿಯಲ್ಲಿ ಇತ್ತು. ತಂದು ಕೂರಿಸಿದ. ಮತ್ತೆ ಅದೇ ಬಿಳಿ ಹೊಗೆ. ‘ಹಾಗಾದ್ರೆ ಸೆಲ್ಫೇ ಇರ್ಬೇಕು’ ಅಂತ ಅದನ್ನೂ ಬಿಚ್ಚಿದ. ಕಾರ್ಬನ್ನು, ಬುಷ್ಷು ಹೊಸದು ಹಾಕಿಸಿ ತಂದರೂ ಗಾಡಿ ಹಾಗೇ.

ಹತ್ತನೇ ದಿನ ನಮ್ಮ ಕಡೆಯ ಹಳೇ ಮೇಸ್ತ್ರಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದೆ. ಎಪ್ಪತ್ತು ದಾಟಿದೆ, ಕೆಲಸ ಬಿಟ್ಟು ಮನೆಯಲ್ಲಿದ್ದಾರೆ. ಅವರು ಸ್ಪ್ಯಾನರ್ ಕೇಳಲೇ ಇಲ್ಲ. ‘ಸೆಲ್ಫ್ ಹೊಡಿ’ ಅಂದರು. ಹೊಡೆದೆ. ‘ಇನ್ನೊಂದ್ಸಲ.’ ಮತ್ತೆ ಹೊಡೆದೆ. ಆಮೇಲೆ ಬ್ಯಾಟರಿಯ ತಂತಿಗಳ ಉದ್ದಕ್ಕೂ ಹಿಂಗೈ ಆನಿಸುತ್ತಾ ಹೋದರು. ಚಾಸಿಗೆ ಬೋಲ್ಟ್ ಹಾಕಿದ್ದ ಅರ್ತ್ ಕೇಬಲ್ಲಿನ ತುದಿಗೆ ಬಂದಾಗ ಸರಕ್ಕನೆ ಕೈ ಎಳೆದುಕೊಂಡರು.

‘ಏನಪ್ಪಾ, ಬಿಸಿ ಎಲ್ಲೈತೆ ಅಂತ ಯಾರಾದ್ರೂ ನೋಡುದ್ರಾ?’ ಅಂದರು.

ಯಾರೂ ನೋಡಿರಲಿಲ್ಲ. ಕೇಬಲ್ಲಿನ ಲಗ್ಗಿನ ಒಳಗೆ ತಾಮ್ರದ ಎಳೆಗಳು ಹಸಿರುಗಟ್ಟಿ ಮುಕ್ಕಾಲು ಪಾಲು ತುಂಡಾಗಿದ್ದವು. ಮೇಲೆ ನೋಡಿದರೆ ಕಪ್ಪು ರಬ್ಬರು ಚೆನ್ನಾಗೇ ಇತ್ತು. ಮಾರನೇ ದಿನ ಹೊಸ ಕೇಬಲ್ ತಂದು, ಚಾಸಿಯ ಬಣ್ಣ ಉಜ್ಜಿ ಬಿಗಿದ ಮೇಲೆ ಗಾಡಿ ಮೊದಲನೇ ಸಲಕ್ಕೇ ಹತ್ತಿಕೊಂಡಿತು.

ಹಾರ್ನ್ ಕೂಗಿದರೆ ಬ್ಯಾಟರಿ ಸರಿ ಇದೆ ಎಂದಲ್ಲ

ಇದು ಹೇಗೆ ಅಂತ ಆಮೇಲೆ ಕೂತು ತಿಳಿದುಕೊಂಡೆ. ನನ್ನ ತಂಗಿಯ ಮಗ ಐಟಿಐಯಲ್ಲಿ ಎಲೆಕ್ಟ್ರಿಕಲ್ ಓದಿದ್ದಾನೆ, ಅವನು ಲೆಕ್ಕ ಹಾಕಿ ತೋರಿಸಿದ.

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಹದಿನಾರು ಹದಿನೇಳು ಪಟ್ಟು ಒತ್ತಿದಾಗ ಗಾಳಿ 500 ಡಿಗ್ರಿಗೂ ಮೇಲೆ ಕಾಯುತ್ತದೆ. ಆ ಕಾವಿಗೆ ಡೀಸೆಲ್ ತಾನೇ ಹತ್ತಿಕೊಳ್ಳುತ್ತದೆ. ನಿಧಾನಕ್ಕೆ ಒತ್ತಿದರೆ ಏನಾಗ್ತದೆ? ಕಾವೆಲ್ಲ ಸಿಲಿಂಡರಿನ ತಣ್ಣನೆ ಗೋಡೆಗೆ ಹೋಗುತ್ತದೆ, ಗಾಳಿಯೂ ರಿಂಗುಗಳ ಸಂದಿಯಿಂದ ಜಾರುತ್ತದೆ. ಡೀಸೆಲ್ ಒಳಗೆ ಬಿದ್ದರೂ ಉರಿಯದೆ ಆವಿಯಾಗಿ ಬಿಳಿ ಹೊಗೆಯಾಗಿ ಆಚೆ ಬರುತ್ತದೆ. ನಾಝಲ್ ಕೆಟ್ಟರೂ ಬಿಳಿ ಹೊಗೆ, ಇಂಜಿನ್ ನಿಧಾನ ತಿರುಗಿದರೂ ಬಿಳಿ ಹೊಗೆ. ಆ ಹುಡುಗ ಎಡವಿದ್ದು ಅಲ್ಲೇ. ಹೊಗೆ ನೋಡಿದ, ವೇಗ ನೋಡಲಿಲ್ಲ. ಇಳಿಜಾರಿನಲ್ಲಿ ಉರುಳಿಸಿದಾಗ ತಕ್ಷಣ ಹತ್ತಿಕೊಳ್ಳುತ್ತಿತ್ತು ಅಂದರೆ ಪಂಪೂ ನಾಝಲ್ಲೂ ಸರಿ ಇವೆ ಅಂತಲೇ ಅರ್ಥ. ಅದನ್ನು ಅವನಿಗೆ ನಾನು ಹೇಳಲೇ ಇಲ್ಲ.

‘ಬ್ಯಾಟರಿ ಚೆನ್ನಾಗೈತೆ, ಹಾರ್ನ್ ಹೊಡೀತದೆ, ಲೈಟ್ ಉರೀತದೆ’ ಅನ್ನೋದು ನಾವೆಲ್ಲ ಹೇಳೋ ಮಾತು. ಹೆಡ್‌ಲೈಟಿಗೆ ಬೇಕಾದ್ದು ನಾಲ್ಕೈದು ಆಂಪ್ಸು. ಸೆಲ್ಫ್ ಮೋಟರು ಇನ್ನೂರು ಮುನ್ನೂರು ಆಂಪ್ಸ್ ಎಳೆಯುತ್ತದೆ. ತಂತಿಯಲ್ಲಿ ಒಂದು ಓಮ್‌ನ ನೂರನೇ ಒಂದು ಪಾಲು ತಡೆ ಇದೆ ಅಂತಿಟ್ಟುಕೊಳ್ಳಿ. ಲೈಟಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ 300 ಆಂಪ್ಸ್ ಹರಿದಾಗ 3 ವೋಲ್ಟ್ ಅಲ್ಲೇ ತಿಂದುಹೋಗುತ್ತದೆ. ಹನ್ನೆರಡರಲ್ಲಿ ಮೂರು! ತಿಂದ ಕರೆಂಟೆಲ್ಲ ಶಾಖವಾಗಿ ಆ ಜಾಗ ಸುಡುತ್ತದೆ. ಬೋರ್‌ವೆಲ್ಲಿನ ಪೈಪು ಒಳಗೆ ಸುಣ್ಣ ಕಟ್ಟಿದ್ದರೂ ಹನಿ ನೀರಾವರಿಗೆ ನೀರು ಸಾಕಾಗ್ತದೆ, ಕಾಲುವೆಗೆ ಬಿಟ್ಟಾಗ ಬಂಡವಾಳ ಬಯಲಾಗ್ತದೆ. ಇದೂ ಹಾಗೇ.

ನಾನೀಗ 350 ರೂಪಾಯಿಯ ಒಂದು ಮೀಟರ್ ಇಟ್ಟುಕೊಂಡಿದ್ದೇನೆ. ಗಾಡಿ ರಾತ್ರಿಯೆಲ್ಲ ನಿಂತಿದ್ದು ಬೆಳಿಗ್ಗೆ ಬ್ಯಾಟರಿಗೆ ಇಟ್ಟರೆ 12.6 ವೋಲ್ಟ್ ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗೆ ಬಂದರೆ ಮೊದಲು ಚಾರ್ಜ್ ಮಾಡಿಸಿ, ಆಮೇಲೆ ಮಾತಾಡೋಣ. ಇನ್ನೊಬ್ಬರಿಗೆ ಸೆಲ್ಫ್ ಹೊಡೆಯೋಕೆ ಹೇಳಿ ಆಗ ನೋಡಿದರೆ ಹತ್ತು ವೋಲ್ಟಿನ ಆಸುಪಾಸು ನಿಲ್ಲಬೇಕು. ಎಂಟಕ್ಕೋ ಏಳಕ್ಕೋ ಕುಸಿದರೆ ಬ್ಯಾಟರಿಯಲ್ಲೇ ದೋಷ. ಕುಸಿಯದೆ ನಿಂತೂ ಸೆಲ್ಫ್ ನರಳಿದರೆ ತಂತಿಯನ್ನೋ ಸೆಲ್ಫನ್ನೋ ಅನುಮಾನಿಸಬೇಕು. ಆಗ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಇಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತಿನಲ್ಲಿ ತಕರಾರು. ನನ್ನ ಹಳೇ ಕೇಬಲನ್ನು ಮತ್ತೆ ಹಾಕಿ ನೋಡಿದೆವು: 3.2 ವೋಲ್ಟು. ಪಂಪು ಬಿಚ್ಚುವ ಮುಂಚೆ ಒಂದು ನಿಮಿಷ ಇದನ್ನು ಮಾಡಿದ್ದರೆ ರಾಗಿ ಹದ ತಪ್ಪುತ್ತಿರಲಿಲ್ಲ.

ಮೀಟರ್ ಇಲ್ಲದಿದ್ದರೂ ನಡೆಯುತ್ತದೆ. ಹೆಡ್‌ಲೈಟ್ ಹಾಕಿಟ್ಟು ಸೆಲ್ಫ್ ಹೊಡೆಯಿರಿ. ಲೈಟು ಪೂರಾ ಕುಂದಿದರೆ ಬ್ಯಾಟರಿ ಬಡಕಲು ಅಥವಾ ಟರ್ಮಿನಲ್ ಸಡಿಲ. ಲೈಟು ಹಾಗೇ ಜೋರಾಗಿ ಉರಿಯುತ್ತಾ ಸೆಲ್ಫ್ ಉಸಿರೇ ಎತ್ತದಿದ್ದರೆ ಕರೆಂಟ್ ಅಲ್ಲಿಗೆ ತಲುಪುತ್ತಲೇ ಇಲ್ಲ, ಕೀ ಸ್ವಿಚ್ಚು, ಸಣ್ಣ ತಂತಿ, ಸೊಲೆನಾಯ್ಡ್ ನೋಡಬೇಕು. ಕೆಲವು ಗಾಡಿಗಳಲ್ಲಿ ಗೇರ್ ನ್ಯೂಟ್ರಲ್ಲಿಗೆ ಬಾರದೆ ಅಥವಾ ಕ್ಲಚ್ ಒತ್ತದೆ ಸೆಲ್ಫ್ ಹೊಡೆಯೋದೇ ಇಲ್ಲ. ಇದನ್ನು ಮರೆತು ಮೆಕ್ಯಾನಿಕ್ ಕರೆಸಿ ನಾಚಿಕೊಂಡವರು ನನಗೆ ಇಬ್ಬರು ಗೊತ್ತು.

ಟರ್ಮಿನಲ್ಲಿನ ಬಿಳಿ ಹೂವು ತೆಗೆಯಲು ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಸುರಿದರೆ ಸಾಕು. ಮುಚ್ಚಳದ ತೂತಿನಿಂದ ಒಳಗೆ ಮಾತ್ರ ಹೋಗಬಾರದು. ಉಪ್ಪುಕಾಗದದಿಂದ ಉಜ್ಜಿ, ಬಿಗಿ ಮಾಡಿ, ಆಮೇಲೆ ವ್ಯಾಸಲೀನ್ ಸವರಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಬಾಯಲ್ಲಿ ಬೀಡಿ ಬೇಡ. ಚಾರ್ಜ್ ಆಗುವ ಬ್ಯಾಟರಿಯಿಂದ ಬರೋ ಗಾಳಿ ಬೆಂಕಿ ಕಂಡರೆ ಸಿಡಿಯುತ್ತದೆ. ಇನ್ನೊಂದು ಮಾತು: ಸ್ಕ್ರೂಡ್ರೈವರಿನಿಂದ ಸೆಲ್ಫ್ ಮೇಲಿನ ಎರಡು ಬೋಲ್ಟ್ ಮುಟ್ಟಿಸಿ ಸ್ಟಾರ್ಟ್ ಮಾಡೋ ಚಾಳಿ ಬಿಡಿ. ಗೇರಿನಲ್ಲಿದ್ದ ಗಾಡಿ ಹತ್ತಿಕೊಂಡ ತಕ್ಷಣ ಮುಂದೆ ನುಗ್ಗುತ್ತದೆ, ನೀವು ನಿಂತಿರೋದು ದೊಡ್ಡ ಚಕ್ರದ ಮುಂದೆ.

ಗಾಳಿ ಸೇರಿದ ಡೀಸೆಲ್ಲು

ಇಂಜಿನ್ ಬಿರುಸಾಗಿ ತಿರುಗಿಯೂ ಹತ್ತದಿದ್ದರೆ ವಿಷಯ ಬೇರೆ. ಆಗ ಸೈಲೆನ್ಸರ್ ಕಡೆ ನೋಡಿ. ಹೊಗೆಯೇ ಇಲ್ಲ ಅಂದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ. ಮೊದಲು ಸ್ಟಾಪ್ ನಾಬ್ ಎಳೆದಿದ್ದು ಎಳೆದ ಹಾಗೇ ಇದೆಯಾ ನೋಡಿ. ಕೇಬಲ್ ತುಕ್ಕು ಹಿಡಿದು, ನಾಬ್ ಒಳಗೆ ತಳ್ಳಿದರೂ ಪಂಪಿನ ಬಳಿ ಲಿವರ್ ವಾಪಸು ಬಂದಿರೋದಿಲ್ಲ. ಆಮೇಲೆ ಟ್ಯಾಂಕಿನ ಕಾಕ್. ಆಮೇಲೆ ಟ್ಯಾಂಕಿನ ಮುಚ್ಚಳ. ಅದರಲ್ಲೊಂದು ಸಣ್ಣ ತೂತು ಇರುತ್ತದೆ, ಡೀಸೆಲ್ ಇಳಿದಷ್ಟು ಗಾಳಿ ಒಳಗೆ ಹೋಗಲಿ ಅಂತ. ನಮ್ಮ ಶೆಡ್ಡಿನಲ್ಲಿ ಒಮ್ಮೆ ಮಣ್ಣಿನ ಗೂಡು ಕಟ್ಟುವ ಕಣಜ ಆ ತೂತನ್ನೇ ಮುಚ್ಚಿತ್ತು. ಗಾಡಿ ಸ್ಟಾರ್ಟ್ ಆಗಿ ಕಾಲು ಗಂಟೆಗೆ ನಿಲ್ಲೋದು, ಮುಚ್ಚಳ ತೆಗೆದು ಹಾಕಿದರೆ ಮತ್ತೆ ಓಡೋದು. ದೆವ್ವ ಹಿಡಿದಿದೆ ಅಂತ ನಮ್ಮ ಮನೆಯವರು ನಿಂಬೆಹಣ್ಣು ಕಟ್ಟಿದ್ದೂ ಆಗಿತ್ತು.

ಹಳೇ ಡೀಸೆಲ್ ಗಾಡಿಯ ದೊಡ್ಡ ಶತ್ರು ಗಾಳಿ. ಡೀಸೆಲನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ನಾಝಲ್ಲನ್ನು ತಳ್ಳಿ ತೆರೆಯುತ್ತದೆ. ಗಾಳಿ ಸೇರಿದರೆ ಪಂಪು ಎಷ್ಟು ಒತ್ತಿದರೂ ಗಾಳಿ ಸ್ಪಂಜಿನ ಹಾಗೆ ಕುಗ್ಗಿ ಸುಮ್ಮನಾಗುತ್ತದೆ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತುತ್ತಾ ಹೋದರೆ ಮೊದಲು ನೊರೆ ಬರುತ್ತದೆ. ಗುಳ್ಳೆ ಪೂರ್ತಿ ನಿಂತು ಬರೀ ಡೀಸೆಲ್ ಬರುವವರೆಗೂ ಒತ್ತಿ, ಕೈಪಂಪು ಒತ್ತಿದ ಹಾಗೇ ಸ್ಕ್ರೂ ಬಿಗಿ ಮಾಡಬೇಕು. ಮುಂದೆ ಪಂಪಿನ ಸ್ಕ್ರೂ, ಕೊನೆಗೆ ನಾಝಲ್ ಪೈಪಿನ ನಟ್ಟು ಸ್ವಲ್ಪ ಸಡಿಲಿಸಿ ಸೆಲ್ಫ್ ಹೊಡೆಯಬೇಕು. ಅಲ್ಲಿ ಮಾತ್ರ ಬೆರಳು ಇಡಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು, ತಡವಾದರೆ ಬೆರಳೇ ಹೋಗಬಹುದು.

ಗಾಳಿ ತೆಗೆಯುವುದು ಎಲ್ಲರಿಗೂ ಗೊತ್ತು. ಗಾಳಿ ಎಲ್ಲಿಂದ ಬಂತು ಅಂತ ಹುಡುಕುವವರು ಕಡಿಮೆ. ದೊಡ್ಡಬಳ್ಳಾಪುರದ ಕಡೆ ಇರುವ ನನ್ನ ಭಾವಮೈದನ ಟ್ರಾಕ್ಟರ್ ಬೆಳಿಗ್ಗೆ ಸ್ಟಾರ್ಟ್ ಆಗುತ್ತಿರಲಿಲ್ಲ. ಗಾಳಿ ತೆಗೆದರೆ ದಿನವಿಡೀ ಓಡೋದು, ಮಾರನೇ ಬೆಳಿಗ್ಗೆ ಮತ್ತೆ ಅದೇ ಪಾಡು. ನೆಲದ ಮೇಲೆ ಒಂದು ಹನಿ ಡೀಸೆಲ್ ಇರಲಿಲ್ಲ, ಅದಕ್ಕೇ ‘ಲೀಕ್ ಇಲ್ಲ’ ಅಂತ ಎಲ್ಲರೂ ಹೇಳಿದರು. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪು ಹೀರುವ ಪೈಪು. ಅದರಲ್ಲಿ ಸೀಳಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕುವ ಬದಲು ಗಾಳಿ ಒಳಗೆ ಹೋಗಬಹುದು. ಮೇಸ್ತ್ರಿ ಹೇಳಿಕೊಟ್ಟ ಉಪಾಯ ಮಾಡಿದೆವು. ಐದು ಲೀಟರ್ ಕ್ಯಾನಿಗೆ ಸೋಸಿದ ಡೀಸೆಲ್ ಹಾಕಿ ಇಂಜಿನ್ನಿಗಿಂತ ಎತ್ತರದಲ್ಲಿ ಕಟ್ಟಿ, ಹಳೇ ಪೈಪು ಬಿಟ್ಟು ಆಚೆ ಈಚೆ ಕಾಣುವ ಪ್ಲಾಸ್ಟಿಕ್ ಪೈಪಿನಿಂದ ಫೀಡ್ ಪಂಪಿಗೆ ಕೊಟ್ಟೆವು, ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿದ ಹಾಗೆ. ಮಾರನೇ ಬೆಳಿಗ್ಗೆ ಅರೆ ಸುತ್ತಿಗೇ ಹತ್ತಿಕೊಂಡಿತು. ಅಂದಮೇಲೆ ಇಂಜಿನ್ನೂ ಪಂಪೂ ಸರಿ, ದೋಷ ಟ್ಯಾಂಕಿನಿಂದ ಅಲ್ಲಿಯವರೆಗೆ. ಪೈಪಿನ ಕ್ಲಿಪ್ಪಿನ ಅಡಿಯಲ್ಲಿ ಕೂದಲೆಳೆಯಷ್ಟು ಸೀಳು ಇತ್ತು. ಒಂದು ಅಡಿ ರಬ್ಬರ್ ಪೈಪು, ಎರಡು ತಾಮ್ರದ ವಾಷರು, ಅಷ್ಟೇ ಖರ್ಚು.

ಕರೆಂಟೂ ಸರಿ, ಡೀಸೆಲ್ಲೂ ಸರಿ, ಇಂಜಿನ್ ಬಿರುಸಾಗಿ ತಿರುಗುತ್ತಿದೆ, ಏರ್ ಕ್ಲೀನರಿನಲ್ಲಿ ಇಲಿ ಗೂಡು ಕಟ್ಟಿಲ್ಲ, ಆದರೂ ಬರೀ ಬಿಳಿ ಹೊಗೆ ಅಂದರೆ ಆಗ ನಾಝಲ್ಲು, ಪಂಪಿನ ಟೈಮಿಂಗು, ವಾಲ್ವು, ರಿಂಗು. ಅದು ನಮ್ಮ ಕೈಲಾಗದ ಕೆಲಸ. ಪಂಪನ್ನು ಬೆಂಚಿನ ಮೇಲೆ ಕೂರಿಸಿ ಅಳತೆ ಮಾಡುವವರೇ ಮಾಡಬೇಕು. ಅದಕ್ಕೆ ದುಡ್ಡು ಕೊಡೋದಕ್ಕೆ ನನ್ನ ತಕರಾರಿಲ್ಲ. ಈ ಪಂಪುಗಳ ವಿಷಯದಲ್ಲಿ ನಮ್ಮ ಬೆಂಗಳೂರಿಗೇ ದೊಡ್ಡ ಹೆಸರು. 1951ರಲ್ಲಿ ಶುರುವಾದ ಮೈಕೋ ಕಂಪನಿ ಆಡುಗೋಡಿಯಲ್ಲಿ ಮಾಡಿದ ಡೀಸೆಲ್ ಪಂಪು ದೇಶದ ಮೂಲೆಮೂಲೆಯ ಟ್ರಾಕ್ಟರು, ಲಾರಿಗಳಿಗೆ ಹೋಯಿತು. 2008ರಲ್ಲಿ ಹೆಸರು ಬಾಷ್ ಅಂತ ಬದಲಾದರೂ ನಮ್ಮ ಬಾಯಲ್ಲಿ ಇನ್ನೂ ಮೈಕೋ ಪಂಪೇ. ಶುದ್ಧ ಡೀಸೆಲ್ ಕೊಟ್ಟರೆ ಬಹಳ ವರ್ಷ ತಡೆಯುವ ಸಾಮಾನು ಅದು. ಸುಮ್ಮಸುಮ್ಮನೆ ಬಿಚ್ಚಿ ಧೂಳು ತಾಗಿಸಿದರೆ ಒಳ್ಳೇ ಪಂಪೇ ಹಾಳಾಗ್ತದೆ.

ತರಕಾರಿ ಸಾಗಿಸೋ ಹಳೇ ಮೊಪೆಡ್ಡು, ಸ್ಕೂಟರುಗಳದು ಸುಲಭ. ಪ್ಲಗ್ ಬಿಚ್ಚಿ ನೋಡಿ. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ ಅಥವಾ ಪೆಟ್ರೋಲ್ ಅತಿಯಾಗಿದೆ. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. 2025ಕ್ಕೆ ದೇಶ ಆ ಮಟ್ಟ ಮುಟ್ಟಿತು. ಎಥನಾಲ್ ನೀರು ಹೀರುತ್ತದೆ, ಹಳೇ ಕಾರ್ಬುರೇಟರಿನ ರಬ್ಬರು ಉಬ್ಬುತ್ತದೆ. ತಿಂಗಳುಗಟ್ಟಲೆ ನಿಲ್ಲಿಸೋ ಗಾಡಿಯಾದರೆ ಪೆಟ್ರೋಲ್ ಕಾಕ್ ಮುಚ್ಚಿ ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಬಿಡಿ, ಕಾರ್ಬುರೇಟರ್ ಖಾಲಿಯಾಗಲಿ.

ಮೇಸ್ತ್ರಿಗಳು ಎಲ್ಲಿ?

ಇಷ್ಟೆಲ್ಲ ನಾವೇ ಯಾಕೆ ನೋಡಬೇಕು, ಮೆಕ್ಯಾನಿಕ್ ಇಲ್ಲವೇ ಅಂತ ಕೇಳಬಹುದು. ನಮ್ಮ ಕಡೆ ಇಲ್ಲ ಅಂತಲೇ ನನ್ನ ಉತ್ತರ. 2007ರಲ್ಲಿ ಯಲಹಂಕ, ಬ್ಯಾಟರಾಯನಪುರ ನಗರಸಭೆಗಳು ಮತ್ತು ನೂರಹತ್ತು ಹಳ್ಳಿಗಳು ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದವು. ಮರುವರ್ಷ ಶಿವರಾಮ ಕಾರಂತ ಬಡಾವಣೆಗೆ ಹದಿನೇಳು ಹಳ್ಳಿಗಳ ಮೂರೂವರೆ ಸಾವಿರ ಎಕರೆ ಗುರುತಾಯಿತು. ಹೊಲ ಕಡಿಮೆಯಾದಂತೆ ಟ್ರಾಕ್ಟರ್ ಕಡಿಮೆ. ಟ್ರಾಕ್ಟರ್ ಕಡಿಮೆಯಾದಂತೆ ಮೇಸ್ತ್ರಿಗಳ ಮಕ್ಕಳು ಕಾರಿನ ಶೋರೂಮಿಗೆ ಹೋದರು. ಅಲ್ಲಿ ಕಂಪ್ಯೂಟರ್ ಚುಚ್ಚಿದರೆ ದೋಷದ ನಂಬರು ಬರುತ್ತದೆ, ಅದಕ್ಕೆ ಸರಿಯಾದ ಸಾಮಾನು ಬದಲಿಸೋದು ಕೆಲಸ. ನನ್ನ ಎಚ್‌ಎಂಟಿಗೆ ಚುಚ್ಚುವ ತೂತೇ ಇಲ್ಲ. ಅದನ್ನು ಕೇಳಿ, ಮುಟ್ಟಿ, ಮೂಸಿ ತಿಳಿಯಬೇಕು. ಆ ಹುಡುಗನದು ಕೆಟ್ಟ ಬುದ್ಧಿಯಲ್ಲ, ಅವನಿಗೆ ಯಾರೂ ಕಲಿಸಿಲ್ಲ.

ಸರ್ಕಾರ ಯಂತ್ರ ಕೊಳ್ಳೋದಕ್ಕೆ ಸಹಾಯಧನ ಕೊಡುತ್ತದೆ. 2014ರಿಂದ ಕೃಷಿ ಯಂತ್ರಧಾರೆ ಅಂತ ಹೋಬಳಿಗಳಲ್ಲಿ ಬಾಡಿಗೆ ಕೇಂದ್ರಗಳನ್ನು ತೆರೆಯಿತು. ಒಳ್ಳೇದೇ. ಆದರೆ ಮಳೆ ಬಿದ್ದ ದಿನ ಎಲ್ಲರಿಗೂ ಒಟ್ಟಿಗೇ ಟ್ರಾಕ್ಟರ್ ಬೇಕು. ಕ್ಯೂನಲ್ಲಿ ಒಂಬತ್ತನೇ ದಿನ ಬಂದ ಗಾಡಿ ಹದವನ್ನು ವಾಪಸು ತರೋದಿಲ್ಲ. ಬಾಗಿಲಲ್ಲಿ ನಿಂತಿರೋ ಹಳೇ ಗಾಡಿಯ ಬೆಲೆ ಇರೋದು ಅಲ್ಲಿ. ಇರೋ ಯಂತ್ರವನ್ನು ಉಳಿಸಿಕೊಳ್ಳೋದು ಹೇಗೆ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಒಂದು ದಿನದ ತರಬೇತಿ ನಡೆದದ್ದನ್ನು ನಮ್ಮ ಕಡೆ ನಾನು ಕಂಡಿಲ್ಲ. ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ, ದಕ್ಷಿಣದ ರಾಜ್ಯಗಳಿಗೆಲ್ಲ ಅದೇ. ಹಾಲು ಕರೆಯುವವನು ಮನೆ ಬಿಟ್ಟು ಅಷ್ಟು ದೂರ ಹೋಗಿ ವಾರಗಟ್ಟಲೆ ಇರೋದು ಹೇಗೆ? ಪ್ರತಿ ನವೆಂಬರಿನ ಆಸುಪಾಸು ಜಿಕೆವಿಕೆಯಲ್ಲಿ ಕೃಷಿಮೇಳ ನಡೆಯುತ್ತದೆ. ಅಲ್ಲಿ ಹೊಸ ಟ್ರಾಕ್ಟರುಗಳ ಸಾಲು ನೋಡಿಕೊಂಡು ಬರುತ್ತೇವೆ. ಒಂದು ಮೂಲೆಯಲ್ಲಿ ಕೆಟ್ಟುನಿಂತ ಹಳೇ ಟ್ರಾಕ್ಟರ್ ಇಟ್ಟು ‘ಬನ್ನಿ, ಇದು ಯಾಕೆ ಸ್ಟಾರ್ಟ್ ಆಗ್ತಿಲ್ಲ ಹೇಳಿ’ ಅಂತ ಕೂರಿಸಿದರೆ ಅದರ ಮುಂದೆಯೇ ಹೆಚ್ಚು ಜನ ಸೇರ್ತಾರೆ ಅನ್ನೋದು ನನ್ನ ನಂಬಿಕೆ.

ಇದು ಮ್ಯೂಸಿಯಮ್ಮಿನ ವಿದ್ಯೆ ಅಂತ ತಿಳೀಬೇಡಿ. 2023ರ ಜನವರಿಯಿಂದ 50 ಎಚ್‌ಪಿಗಿಂತ ದೊಡ್ಡ ಟ್ರಾಕ್ಟರುಗಳಿಗೆ ಹೊಸ ಹೊಗೆ ನಿಯಮ ಬಂದು ಅವುಗಳಿಗೆ ಎಲೆಕ್ಟ್ರಾನಿಕ್ ಪಂಪು ಬಂತು. ನಮ್ಮಂಥವರ ಹತ್ತಿರ ಇರೋದೆಲ್ಲ ಅದಕ್ಕಿಂತ ಸಣ್ಣವು, ಹಳೇ ರೀತಿಯವು. ಪವರ್ ಟಿಲ್ಲರ್, ಡೀಸೆಲ್ ಪಂಪ್‌ಸೆಟ್ಟಿಗೂ ಡೀಸೆಲ್ಲಿನ ಪಾಠ ಇದೇ. ಹೊಸ ಗಾಡಿಯೇ ಆದರೂ ಅದರ ಅರ್ತ್ ಕೇಬಲ್ಲು ಹಸಿರುಗಟ್ಟಿದರೆ ಕಂಪ್ಯೂಟರೂ ಮಲಗುತ್ತದೆ.

ಕರೆಂಟು, ಡೀಸೆಲ್ಲು, ಗಾಳಿ ಎಲ್ಲವನ್ನೂ ನೋಡಿ ಆದ ಮೇಲೆ ಮೆಕ್ಯಾನಿಕ್ಕಿಗೆ ಫೋನ್ ಮಾಡುವಾಗ ರೋಗದ ಹೆಸರು ಹೇಳಬೇಡಿ, ಲಕ್ಷಣ ಹೇಳಿ. ಬಿರುಸಾಗಿ ತಿರುಗುತ್ತೋ ನಿಧಾನವೋ, ಹೊಗೆ ಇದೆಯೋ ಇಲ್ಲವೋ, ಇದ್ದರೆ ಯಾವ ಬಣ್ಣ, ಬೆಳಿಗ್ಗೆ ಮಾತ್ರವೋ ದಿನವಿಡೀಯೋ, ಇಳಿಜಾರಿನಲ್ಲಿ ಹತ್ತಿಕೊಳ್ಳುತ್ತೋ. ಬಂದವನಿಗೂ ಅದು ಉಪಕಾರ. ನನ್ನ ಗಾಡಿಯ ಪಂಪು ಬಿಚ್ಚಿದ ಹುಡುಗ ಈಗಲೂ ನಮ್ಮ ಮನೆಗೆ ಬರುತ್ತಾನೆ. ಹೋದ ತಿಂಗಳು ಯಾರದೋ ಟಿಲ್ಲರ್ ನೋಡೋದಕ್ಕೆ ಹೊರಟವನು ನನ್ನ ಮೀಟರ್ ಕೇಳಿ ಇಸ್ಕೊಂಡು ಹೋದ. ಇನ್ನೂ ವಾಪಸು ಕೊಟ್ಟಿಲ್ಲ.

ಮೇಸ್ತ್ರಿಗೆ ಈಗ ಕಣ್ಣು ಮಂಜು. ಕೈ ಮಾತ್ರ ಚುರುಕಾಗಿದೆ. ಅವರನ್ನು ಒಪ್ಪಿಸಿದ್ದೇನೆ: ರಾಗಿ ಕಣ ಮುಗಿದ ಮೇಲೆ ಒಂದು ಭಾನುವಾರ ರಾಜಾನುಕುಂಟೆಯ ನಮ್ಮ ಶೆಡ್ಡಿನಲ್ಲಿ ಕೂರುತ್ತಾರೆ. ಯಲಹಂಕ, ಹೆಸರಘಟ್ಟ, ದೊಡ್ಡಬಳ್ಳಾಪುರ ಕಡೆಯ ಐದಾರು ಜನ ಸೇರಿದರೂ ಸಾಕು. ಬರುವವರು ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ, ದಿನ ತಿಳಿಸುತ್ತೇನೆ. ಸ್ಟಾರ್ಟ್ ಆಗದ ಗಾಡಿ ಯಾರ ಹತ್ತಿರವಾದರೂ ಇದ್ದರೆ ಅದನ್ನೂ ಬರೆಯಿರಿ. ನನ್ನ ಟ್ರಾಕ್ಟರ್ ತಂದು ಎಳೆದುಕೊಂಡು ಬರೋಣ.